ಬಾಗಿಲಿನ ಕಪ್ಪು ರಿಬ್ಬನ್

ಮೇ 6, ಬೆಳಿಗ್ಗೆ

ಅತಿಥಿಗಳಿಗೆಂದು ಇಟ್ಟ ನಾಲ್ಕು ರೂಮಿನ ಹಾಸಿಗೆಗಳನ್ನೂ ಅಂಗಳದ ಬಿಸಿಲಿಗೆ ಹಾಕಿದೆ. ಯಾರೂ ಮಲಗದ ಹಾಸಿಗೆ. ಆದರೂ ಮಂಗಳವಾರ ಬಂತೆಂದರೆ ಕೈ ಸುಮ್ಮನಿರುವುದಿಲ್ಲ, ಅಮ್ಮ ಕಲಿಸಿದ ಅಭ್ಯಾಸ. ಕೋಕಾ ಎಲೆಯ ನೀರು ಕಾಯಿಸಿದೆ — ಒಂದು ಲೋಟ ನನಗೆ, ಒಂದು ಅಮ್ಮನ ಫೋಟೋ ಮುಂದೆ.

ಫೋನಿನಲ್ಲಿ ಮೂರು ಮೆಸೇಜ್. ಮೂವರದ್ದೂ ಅದೇ ಪ್ರಶ್ನೆ. ಕುಸ್ಕೊದಲ್ಲಿ ಎಲ್ಲಿ ಉಳಿದುಕೊಳ್ಳುವುದು ಒಳ್ಳೆಯದು? ಚೌಕದ ಹತ್ತಿರವೋ, ಕೆಳಗೆ ಏರ್‌ಪೋರ್ಟ್ ಕಡೆಯೋ, ಮೇಲೆ ನಿಮ್ಮ ಸಾನ್ ಬ್ಲಾಸ್‌ನಲ್ಲೋ? ಇದ್ದದ್ದನ್ನು ಇದ್ದ ಹಾಗೆ ಬರೆದೆ. ಚೌಕದಲ್ಲಿ ಗದ್ದಲ. ಕೆಳಗೆ ಬಿಸಿನೀರು ಚೆನ್ನಾಗಿ ಬರುತ್ತದೆ, ಆದರೆ ಕಿಟಕಿ ತೆರೆದರೆ ಗ್ಯಾರೇಜು. ನಮ್ಮಲ್ಲಿಗೆ ತೊಂಬತ್ತೆರಡು ಮೆಟ್ಟಿಲು. ಮೊದಲ ದಿನ ಉಸಿರು ಸಿಗುವುದಿಲ್ಲ, ಎರಡನೇ ದಿನ ನನ್ನನ್ನು ಬೈಯುತ್ತೀರಿ, ಮೂರನೇ ದಿನ ಕಿಟಕಿಯಲ್ಲಿ ಇಡೀ ಊರಿನ ಹೆಂಚು ಕಂಡ ಮೇಲೆ ಇಳಿಯಲು ಮನಸ್ಸಾಗುವುದಿಲ್ಲ.

ನೈದಾ ಓದಿ ನಕ್ಕಳು. "ಅಮ್ಮಾ, ಇದು ಬನ್ನಿ ಅಂತ ಬರೆದಿದ್ದೋ, ಬರ್ಬೇಡಿ ಅಂತ ಬರೆದಿದ್ದೋ?" ಹದಿನೇಳು ತುಂಬಿದೆ, ಬಾಯಿಗೆ ಬೀಗವಿಲ್ಲ.

ಮೇ 9

ಲಿಮಾದಿಂದ ತಮ್ಮನ ಫೋನ್. ಎಲ್ಮೇರ್ ಮಾತನ್ನು ಸುತ್ತಿ ಬಳಸುವವನಲ್ಲ. ಆಗಸ್ಟ್ ಹದಿನಾಲ್ಕಕ್ಕೆ ಅಮ್ಮ ಹೋಗಿ ಒಂದು ವರ್ಷ, ಅಂದಿನ ಪೂಜೆಗೆ ಬರುತ್ತಾನೆ. ಅಷ್ಟರೊಳಗೆ ಈ ಸೀಸನ್ನಿನಲ್ಲಿ ರೂಮುಗಳು ತುಂಬಿ ಮನೆ ತನ್ನ ಕಾಲ ಮೇಲೆ ನಿಂತರೆ ಸರಿ. ಇಲ್ಲದಿದ್ದರೆ ಪಕ್ಕದ ಮನೆಯನ್ನು ಕೊಂಡ ಹೋಟೆಲ್ ಕಂಪನಿಗೇ ಇದನ್ನೂ ಕೊಟ್ಟುಬಿಡುವುದು. ಮನೆ ಇಬ್ಬರ ಹೆಸರಿನಲ್ಲಿದೆ. ನಾನೊಬ್ಬಳೇ ಹಟ ಹಿಡಿದು ಉಳಿಸಿಕೊಳ್ಳುವಂತಿಲ್ಲ.

ಒಪ್ಪಿಕೊಂಡೆ. ಜೂನ್, ಜುಲೈ, ಆಗಸ್ಟ್ — ಆ ಮೂರು ತಿಂಗಳು ಈ ಊರಿನಲ್ಲಿ ಕೋಳಿಗೂಡು ತೋರಿಸಿದರೂ ಮಲಗುವವರಿದ್ದಾರೆ. ಭಯ ಯಾಕೆ.

ನಾನು ಹುಟ್ಟಿದ್ದು ಮೂರನೇ ರೂಮಿನಲ್ಲಿ. ನೈದಾಳೂ ಅಲ್ಲೇ. ಸುಮ್ಮನೆ ಬರೆದಿಟ್ಟೆ.

ಮೇ 17

ಕೊಂಪಾದ್ರೆ ಸತುರ್ನಿನೊ ಬಂದಿದ್ದರು. ನೈದಾಳ ಮೊದಲ ಕೂದಲು ಕತ್ತರಿಸಿದ್ದು ಅವರ ಕೈ. ಅಂದಿನಿಂದ ಅವಳಿಗೆ ಪಾದ್ರಿನೊ, ಧರ್ಮತಂದೆ; ನನಗೆ ಕೊಂಪಾದ್ರೆ, ಅವರಿಗೆ ನಾನು ಕೊಮಾದ್ರೆ, ರಕ್ತವಿಲ್ಲದ ನೆಂಟಸ್ತನ. ಆ ಕೂದಲಿನ ಒಂದು ಎಳೆಯನ್ನು ಪುಟ್ಟ ಗಾಜಿನ ಸೀಸೆಯಲ್ಲಿಟ್ಟು ಟ್ಯಾಕ್ಸಿಯ ಕನ್ನಡಿಗೆ ತೂಗಿಹಾಕಿಕೊಂಡಿದ್ದಾರೆ, ಮಾತೆ ಮರಿಯಳ ಚಿತ್ರದ ಪಕ್ಕ. ಅವಳಪ್ಪ ಹೇಳದೆ ಕೇಳದೆ ಹೊರಟುಹೋದ ವರ್ಷ ಅವಳನ್ನು ಕೈಹಿಡಿದು ಶಾಲೆಗೆ ಕರೆದೊಯ್ದವರು ಅವರು. ಅಮ್ಮನ ಪೆಟ್ಟಿಗೆಗೆ ಹೆಗಲು ಕೊಟ್ಟವರು ಅವರು. ಬಾಗಿಲಿಗೆ ಕಪ್ಪು ರಿಬ್ಬನ್ ಕಟ್ಟಿದವರೂ ಅವರೇ. ಕಟ್ಟಿದವರೇ ವರ್ಷದ ದಿನ ಅದನ್ನು ಬಿಚ್ಚಬೇಕು. ನನ್ನ ಮೈಮೇಲಿನ ಕಪ್ಪು ಶಾಲು ತೆಗೆದು ಬಣ್ಣದ್ದು ಹೊದಿಸಬೇಕು. ಅಲ್ಲಿಯವರೆಗೆ ನಾನೂ ಕಪ್ಪು, ಬಾಗಿಲೂ ಕಪ್ಪು.

ನೈದಾಗೆ ಆ ರಿಬ್ಬನ್ ಬೇಡ. ಸೀಸನ್ ಮುಗಿಯುವವರೆಗೆ ತೆಗೆದಿಡೋಣ, ಬರುವವರು ಹೆದರುತ್ತಾರೆ ಅಂದಳು. ನನಗೂ ಅರೆಮನಸ್ಸು. ಕೊಂಪಾದ್ರೆ ಸಾರಿನ ಬಟ್ಟಲು ಕೆಳಗಿಟ್ಟು ಅವಳನ್ನೇ ನೋಡಿದರು.

"ಮಗಳೇ, ವರ್ಷ ತುಂಬೋ ಮುಂಚೆ ಬಿಚ್ಚಿದ್ರೆ ಅಜ್ಜಿ ನೊಂದ್ಕೋತಾಳೆ. ಬರೋರು ಬರ್ತಾರೆ ಬಿಡು. ನಾನೇ ಏರ್‌ಪೋರ್ಟಿಂದ ಕರ್ಕೊಂಡು ಬರ್ತೀನಲ್ಲ, ಇದು ಹೀಗೆ, ಹೆದರಬೇಡಿ ಅಂತ ದಾರೀಲೇ ಹೇಳ್ತೀನಿ."

ನಾಚಿಕೆಯಾಯಿತು ನನಗೆ. ಹೆತ್ತ ಮಗಳು ನಾನು, ಹೊರಗಿನವರು ನೆನಪಿಸಬೇಕಾಯಿತು. ರಿಬ್ಬನ್ ಇರಲಿ. ಈ ಸಲದ ಬುಕಿಂಗ್ ಎಲ್ಲದಕ್ಕೂ ಅವರದೇ ಟ್ಯಾಕ್ಸಿ. ಹೆಸರು ಬರೆದ ಬೋರ್ಡ್ ನೈದಾ ಮಾಡಿಕೊಟ್ಟಳು.

ಮೇ 28

ಕೊಮಾದ್ರೆ ವಿಲ್ಮಾ, ಸತುರ್ನಿನೊ ಅವರ ಹೆಂಡತಿ, ಕಂಬಳಿ ಕೇಳಿಕೊಂಡು ಬಂದಳು. ಕೆಳಗೆ ಏರ್‌ಪೋರ್ಟ್ ಗೋಡೆಯ ಹಿಂದೆ ಅವರು ಮೂರು ಮಹಡಿಯ ಸಿಮೆಂಟ್ ಮನೆ ಕಟ್ಟಿದ್ದಾರೆ. ತಾರಸಿ ಹಾಕಿದ ದಿನ ನಾನೂ ಹೋಗಿ ಕುಣಿದಿದ್ದೆ. ಸಿಕುವಾನಿಯಿಂದ ನೆಂಟರು ಬರುತ್ತಾರಂತೆ, ಹೊದಿಕೆ ಸಾಲದಂತೆ. ಅಮ್ಮ ನೇಯ್ದ ಆರು ಕಂಬಳಿ ಕೊಟ್ಟೆ. ಅಮ್ಮ ಪ್ರತಿಯೊಂದರ ಮೂಲೆಯಲ್ಲೂ ಒಂದು ಹಸಿರು ಗಂಟು ಹಾಕುತ್ತಿದ್ದಳು, ಸಂತೆಯಲ್ಲಿ ಬೇರೆಯವರದ್ದರ ಜೊತೆ ಬೆರೆತುಹೋಗದಿರಲಿ ಎಂದು. ಕಂಬಳಿಗಳೂ ಬಿಸಿಲು ಕಾಣಲಿ.

ಜೂನ್ 3

ಚಿಲಿಯ ದಂಪತಿ ಬರಬೇಕಿತ್ತು, ಬರಲಿಲ್ಲ. ಬೋರ್ಡ್ ಹಿಡಿದು ಎರಡು ಗಂಟೆ ನಿಂತಿದ್ದರಂತೆ ಕೊಂಪಾದ್ರೆ. ಪಾಪ, ತುಟಿ ಒಡೆದಿತ್ತು. ಜೋಳದ ಕಾಳು, ಗಿಣ್ಣು ಕೊಟ್ಟೆ.

"ಎತ್ತರ ಅಂದ್ರೆ ಹೆದರ್ತಾರೆ ಕೊಮಾದ್ರೆ. ಇಳಿದ ತಕ್ಷಣ ತಲೆನೋವು ಶುರುವಾದ್ರೆ ಸೀದಾ ಕಣಿವೆಗೆ ಬಸ್ ಹತ್ತಿಬಿಡ್ತಾರೆ." ಇರಬಹುದು.

ಜೂನ್ 12

ಮತ್ತೆ ಇಬ್ಬರು ಬರಲಿಲ್ಲ. ಆದರೆ ಮೆಸೇಜ್ ಮಾಡಿದ್ದಾರೆ — ನಿಮ್ಮ ಮನೆಯ ದುಃಖದ ಹೊತ್ತಿನಲ್ಲಿ ತೊಂದರೆ ಕೊಡುವುದಿಲ್ಲ, ಸಮಾಧಾನ ಸಿಗಲಿ. ಓದಿ ಕಣ್ಣು ತುಂಬಿತು. ಮೇ ತಿಂಗಳಲ್ಲಿ ನೈದಾ ವೆಬ್‌ಸೈಟಿಗೆ ಬಾಗಿಲಿನ ಹೊಸ ಫೋಟೋ ಹಾಕಿದ್ದಳು, ರಿಬ್ಬನ್ ಅದರಲ್ಲಿ ಕಾಣುತ್ತದೆ. ನೋಡಿರಬೇಕು. ಎಷ್ಟು ದೂರದವರು, ಎಷ್ಟು ಮರ್ಯಾದೆ. ಬರದಿದ್ದರೂ ಪರವಾಗಿಲ್ಲ ಅನ್ನಿಸಿತು ಒಂದು ಗಳಿಗೆ.

ಉತ್ತರ ಬರೆದೆ: ನಿಮ್ಮ ಮಾತಿಗೆ ದೇವರು ಒಳ್ಳೆಯದು ಮಾಡಲಿ, ಮನೆ ಇನ್ನೂ ಅದೇ ದುಃಖದಲ್ಲಿದೆ.

ಜೂನ್ 25

ನಿನ್ನೆ ಸೂರ್ಯನ ಹಬ್ಬ. ಊರಿನಲ್ಲಿ ಕಾಲಿಡಲು ಜಾಗವಿಲ್ಲ. ಇಗರ್ಜಿಯ ಮೆಟ್ಟಿಲ ಮೇಲೆ ಬ್ಯಾಗ್ ತಲೆದಿಂಬು ಮಾಡಿ ಮಲಗಿದ್ದಾರೆ ಹುಡುಗರು. ನನ್ನ ನಾಲ್ಕು ರೂಮಿನಲ್ಲಿ ಒಂದು ತುಂಬಿದೆ, ಅದೂ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ತಾವಾಗಿ ಬಂದು ಬಾಗಿಲು ಬಡಿದದ್ದಕ್ಕೆ. ಬುಕ್ ಮಾಡಿದ ಒಬ್ಬರೂ ತಲುಪಿಲ್ಲ.

ನನ್ನ ಬರಹವೇ ಹೆದರಿಸುತ್ತಿದೆಯೋ ಏನೋ. ಮೆಟ್ಟಿಲಿನ ಲೆಕ್ಕ ತೆಗೆದುಹಾಕು ಎಂದಳು ನೈದಾ. ತೆಗೆಯಲಿಲ್ಲ. ಬಂದು ಹತ್ತುವವರ ಮೊಣಕಾಲು ಅವರದ್ದು, ಗೊತ್ತಿರಬೇಕು.

ಜುಲೈ 2

ತುಕುಮಾನ್ ಊರಿನ ನಿವೃತ್ತ ಟೀಚರ್ ಒಬ್ಬರು, ಗ್ರಸಿಯೆಲಾ. ಒಂದು ವಾರದಿಂದ ದಿನಾ ಬರೆಯುತ್ತಿದ್ದಾರೆ. ಒಬ್ಬರೇ ಬರುತ್ತಿದ್ದಾರೆ. ಎಲ್ಲಿ ಉಳಿಯಲಿ ಎಂದು ನನ್ನನ್ನೇ ಕೇಳುವುದು, ನಾನು ಬೇರೆಯವರ ಮನೆಯ ಗುಣವನ್ನೂ ಹೇಳುವುದು. ಮೊಣಕಾಲು ಹೇಗಿದೆ ಅಂದೆ. ಒಂದು ಒಳ್ಳೆಯದು, ಒಂದು ಸುಮಾರು ಅಂದರು. ಹಾಗಾದರೆ ಚೌಕದ ಹಿಂದೆ ಇರಿ, ಮೆಟ್ಟಿಲಿಲ್ಲ ಎಂದು ಬರೆದೆ. ಇವತ್ತು ಉತ್ತರ ಬಂತು: "ಗಿರಾಕಿಯನ್ನು ಬೇರೆ ಕಡೆ ಕಳಿಸುವ ಹೆಂಗಸಿನ ಮನೆಯಲ್ಲೇ ಉಳಿಯುತ್ತೇನೆ. ಒಂಬತ್ತನೇ ತಾರೀಕು, ನಾಲ್ಕು ದಿನ."

ಮೂರನೇ ರೂಮು ಅವರಿಗೆ. ಕಿಟಕಿಯ ಕೆಳಗೆ ಕುರ್ಚಿ ಹಾಕಿದೆ.

ಜುಲೈ 9, ಸಂಜೆ 5

ಗ್ರಸಿಯೆಲಾ ಬರಲಿಲ್ಲ.

ಸಾರು ಮಾಡಿದ್ದೆ. ಕೊಂಪಾದ್ರೆ ಕುಡಿದರು, ಎರಡು ಬಟ್ಟಲು. ಬೋರ್ಡ್ ಬಾಗಿಲ ಹಿಂದೆ ಒರಗಿಸಿಟ್ಟರು. "ನಿಮ್ಮ ಅದೃಷ್ಟಾನೇ ಸರಿಯಿಲ್ಲ ಈ ವರ್ಷ" ಅಂದರು. ತಲುಪಿದಿರಾ ಎಂದು ಗ್ರಸಿಯೆಲಾಗೆ ಎರಡು ಸಲ ಬರೆದೆ. ಓದಿದ್ದಾರೆ, ಉತ್ತರವಿಲ್ಲ. ಇವರೊಬ್ಬರು ಹಾಗಲ್ಲ ಅಂದುಕೊಂಡಿದ್ದೆ.

ಜುಲೈ 12, ಮಧ್ಯಾಹ್ನ 3

ಈಗಲೇ ಬರೆಯಬೇಕು.

ಬಾಗಿಲು ಬಡಿದರು. ತೆಗೆದರೆ ಅರವತ್ತೈದರ ಹೆಂಗಸು, ಮೆಟ್ಟಿಲು ಹತ್ತಿ ಮುಖವೆಲ್ಲ ಕೆಂಪು, ಕೈಯಲ್ಲಿ ಬಿಳಿ ಹೂವಿನ ಕಟ್ಟು. ಉಸಿರು ಹದಕ್ಕೆ ಬರುವವರೆಗೆ ಚೌಕಟ್ಟು ಹಿಡಿದು ನಿಂತರು. ಆಮೇಲೆ ಹೂವು ನನ್ನ ಕೈಗಿಟ್ಟು ಕೈ ಹಿಡಿದುಕೊಂಡರು.

"ನೀವು ಅವರ ತಂಗಿ ಇರ್ಬೇಕು. ಇಲಾರಿಯಾ ಅವರನ್ನ ನಾನು ನೋಡಿದ್ದಿಲ್ಲ, ಆದ್ರೆ ಒಂದು ವಾರ ದಿನಾ ಮಾತಾಡಿದ ಹಾಗಿತ್ತು. ಇಷ್ಟು ಬೇಗ ಹೋಗ್ಬಿಟ್ರಲ್ಲ."

"ನಾನೇ ಇಲಾರಿಯಾ" ಅಂದೆ.

ಹೂವು ಇಬ್ಬರ ಕೈಯಲ್ಲೂ ಇತ್ತು. ಯಾರೂ ಬಿಡಲಿಲ್ಲ.

ಒಳಗೆ ಕೂರಿಸಿ ಬಿಸಿನೀರು ಕೊಟ್ಟ ಮೇಲೆ ಗ್ರಸಿಯೆಲಾ ಒಂದೊಂದಾಗಿ ಹೇಳಿದರು. ಏರ್‌ಪೋರ್ಟಿನಲ್ಲಿ ಬೋರ್ಡ್ ಹಿಡಿದವನಿದ್ದ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಳ್ಳುತ್ತಿದ್ದ. ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸಿ, ಟೋಪಿ ತೆಗೆದು, ಎದೆಯ ಮೇಲೆ ಶಿಲುಬೆ ಗುರುತು ಹಾಕಿ, ಮೇಲಕ್ಕೆ ಬೆರಳು ತೋರಿಸಿದ. ನೋಡಿ, ಬಾಗಿಲಿಗೆ ಕಪ್ಪು. ಮನೆಯ ಯಜಮಾನಿ ಭಾನುವಾರ ತೀರಿಕೊಂಡರು. ನನ್ನ ಕೊಮಾದ್ರೆ ಅವರು. ನಿಮ್ಮನ್ನು ಬೀದಿಯಲ್ಲಿ ಬಿಡುವುದಿಲ್ಲ, ಬನ್ನಿ ಅಂದ.

ನನ್ನ ಮೆಸೇಜ್ ಬಂದಾಗ ಮಗಳು ತಾಯಿಯ ಫೋನಿನಿಂದ ಕಳಿಸಿದ್ದು ಅಂದುಕೊಂಡರಂತೆ. ಏನು ಉತ್ತರ ಬರೆಯುವುದೆಂದು ತೋಚಲಿಲ್ಲವಂತೆ. ಎತ್ತರ ಒಗ್ಗದೆ ಎರಡು ದಿನ ಮಲಗಿದ್ದರು. ಎದ್ದ ತಕ್ಷಣ ಹೂವು ಕೊಂಡು ಬಂದಿದ್ದಾರೆ, ನನ್ನ ಸಾವಿಗೆ.

ಎಲ್ಲಿ ಉಳಿದಿದ್ದೀರಿ ಎಂದು ಕೇಳಿದೆ. ಕೇಳುವ ಮೊದಲೇ ಗೊತ್ತಿತ್ತು. ಏರ್‌ಪೋರ್ಟ್ ಗೋಡೆಯ ಹಿಂದೆ, ಮೂರು ಮಹಡಿ, ಯಜಮಾನಿ ವಿಲ್ಮಾ. "ಚಳಿ ಜಾಸ್ತಿ ಅಲ್ಲಿ. ಕಂಬಳಿ ಮಾತ್ರ ತುಂಬ ಚೆನ್ನಾಗಿದೆ. ಮೂಲೇಲಿ ಒಂದು ಹಸಿರು ಗಂಟಿದೆ, ಮುದ್ದಾಗಿ."

ಅಮ್ಮನ ಫೋಟೋದ ಕಡೆ ನೋಡಲಾಗಲಿಲ್ಲ ನನಗೆ.

ನೈದಾ ಇನ್ನೂ ಕ್ಲಾಸಿನಿಂದ ಬಂದಿಲ್ಲ. ಅವಳಿಗೆ ಹೇಳಬೇಡಿ ಎಂದು ಗ್ರಸಿಯೆಲಾರ ಕೈ ಮುಟ್ಟಿ ಕೇಳಿಕೊಂಡೆ. ತಂದೆಯ ಜಾಗದಲ್ಲಿ ಒಬ್ಬನಿದ್ದಾನೆ ಎಂದು ಬೆಳೆದ ಮಗು ಅದು.

ಜುಲೈ 13

ಗ್ರಸಿಯೆಲಾರ ಬ್ಯಾಗ್ ತರುವ ನೆಪದಲ್ಲಿ ಕೆಳಗೆ ಹೋದೆ. ಅವನ ಗಾಡಿ ಇಲ್ಲದ ಹೊತ್ತು ನೋಡಿ.

ಊಟದ ಮನೆಯಲ್ಲಿ ಏಳೆಂಟು ಜನ. ನಾನು ಬ್ರೆಡ್ ತರುವ ಅಂಗಡಿಯದೇ ದೊಡ್ಡ ಬ್ರೆಡ್ಡು ಮೇಜಿನ ಮೇಲೆ. ಗೋಡೆಯ ಮೇಲೆ, ಮೊದಲ ಎರಡು ದಿನ ಏನು ತಿನ್ನಬೇಕು, ಎಷ್ಟು ಮಲಗಬೇಕು — ನಾನು ಅತಿಥಿಗಳಿಗೆ ಬರೆದುಕೊಡುವ ಚೀಟಿ, ಅಕ್ಷರ ಬಿಡದೆ, ಫ್ರೇಮ್ ಹಾಕಿಸಿ. ವಿಲ್ಮಾ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದು ನನ್ನನ್ನು ತಬ್ಬಿಕೊಂಡಳು.

"ನಿಮ್ಮ ಋಣ ಹೇಗೆ ತೀರಿಸ್ಲಿ ಕೊಮಾದ್ರೆ. ಸೂತಕದ ಮನೇಲಿ ವರ್ಷ ತುಂಬೋವರೆಗೂ ಬೇರೆಯವರನ್ನ ಮಲಗಿಸಲ್ಲ ಅಂತ ನೀವೇ ಎಲ್ಲರನ್ನೂ ಇಲ್ಲಿಗೆ ಕಳಿಸ್ತಿದ್ದೀರಂತೆ. ಯಾರು ಮಾಡ್ತಾರೆ ಹೀಗೆ ಈ ಕಾಲದಲ್ಲಿ."

ಅವಳ ಕಣ್ಣಲ್ಲಿ ನೀರು. ನಿಜವಾದ ನೀರು. ಅವಳಿಗೂ ಒಂದು ಕಥೆ ಕಟ್ಟಿ ಕೊಟ್ಟಿದ್ದಾನೆ. ನನ್ನನ್ನು ಅಲ್ಲಿ ದೇವತೆ ಮಾಡಿದ್ದಾನೆ, ಇಲ್ಲಿ ಹೆಣ ಮಾಡಿದ್ದಾನೆ.

ನಾನು ಬಂದದ್ದು ಕೊಂಪಾದ್ರೆಗೆ ಗೊತ್ತಾಗುವುದು ಬೇಡ ಎಂದೆ, ಆಯಿತು ಅಂದಳು. ಬ್ಯಾಗ್ ಎತ್ತಿಕೊಂಡು ಬಂದೆ.

ಜುಲೈ 14

ಜೂನ್ ಹನ್ನೆರಡರಂದು ನಾನು ಬರೆದ ಉತ್ತರ ಮತ್ತೆ ಓದಿದೆ. ಮನೆ ಇನ್ನೂ ಅದೇ ದುಃಖದಲ್ಲಿದೆ. ಅವನ ಸುಳ್ಳಿಗೆ ನಾನೇ ಮೊಹರು ಒತ್ತಿದ್ದೇನೆ. ಸಮಾಧಾನ ಸಿಗಲಿ ಅಂದರೆ ಬೇರೆ ಯಾರಾದರೂ ಯಾಕೆ, ಯಾರು ಹೇಳಿದರು ಎಂದು ಕೇಳುತ್ತಿದ್ದರೇನೋ. ನಾವು ಕೇಳುವುದಿಲ್ಲ. ತಲೆ ಬಾಗಿಸಿ ಸ್ವೀಕರಿಸುತ್ತೇವೆ.

ಅಮ್ಮನಿಗೆ ಕಟ್ಟಿದ ರಿಬ್ಬನ್. ಅದನ್ನೇ ತೋರಿಸಿದನಲ್ಲ.

ಜುಲೈ 16

ಗ್ರಸಿಯೆಲಾ ಸರೋವರದ ಕಡೆ ಹೊರಟರು. ಆಮೇಲೆ ಬೊಲಿವಿಯಾ. ಆಗಸ್ಟ್ ಹದಿಮೂರಕ್ಕೆ ವಾಪಸ್ ಬಂದೇ ಬರುತ್ತೇನೆ, ನೀವು ಬಣ್ಣದ ಶಾಲು ಹೊದೆಯುವುದನ್ನು ನೋಡಬೇಕು ಅಂದರು. ಆ ಕೂದಲಿನ ಸೀಸೆಯ ವಿಷಯ ಅವರೇ ಎತ್ತಿದರು — ದಾರಿಯುದ್ದಕ್ಕೂ ಕಣ್ಣೆದುರು ಆಡುತ್ತಿತ್ತಂತೆ. ಯಾರದು ಎಂದು ಕೇಳಿದ್ದಕ್ಕೆ ನನ್ನ ಮಗಳದು ಅಂದನಂತೆ.

ಆಗಸ್ಟ್ 1

ಹದಿನೈದು ದಿನ ಬರೆಯಲಿಲ್ಲ. ಬರೆದರೆ ಬರೀ ಬೈಗುಳ ಬರುತ್ತಿತ್ತು.

ಇವತ್ತು ಭೂಮಿತಾಯಿಗೆ ನೈವೇದ್ಯ ಕೊಡುವ ದಿನ. ಕೋಕಾ ಎಲೆ ಹರಡಿಕೊಂಡು ಕೂತೆ, ಏನು ಬೇಡಿಕೊಳ್ಳುವುದೆಂದು ಹೊಳೆಯಲಿಲ್ಲ. ಮಧ್ಯಾಹ್ನ ಅವನು ಬಂದ. ವರ್ಷದ ದಿನದ ಏರ್ಪಾಟು ಮಾತಾಡಲು. ಹೊಸ ಶಾಲು ಪಾದ್ರಿನೊ ತರಬೇಕಲ್ಲ, ಯಾವ ಬಣ್ಣ ಇಷ್ಟ ಎಂದು ಕೇಳಿದ. ಕೆಂಪು ಅಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿತು. ಇನ್ನು ಮೇಲೆ ಟ್ಯಾಕ್ಸಿ ಬೇಡ, ಬುಕಿಂಗೇ ಇಲ್ಲ ಎಂದೆ. ನಂಬಿದ. ಇರುವ ಬುಕಿಂಗಿಗೆ ನೈದಾ ಬಸ್ಸಿನ ದಾರಿ ಬರೆದು ಕಳಿಸುತ್ತಿದ್ದಾಳೆ, ಎರಡು ರೂಮು ತುಂಬಿವೆ. ಯಾಕೆ ಎಂದು ಕೇಳಿದಳು. ಟ್ಯಾಕ್ಸಿ ದುಬಾರಿ ಅಂದೆ.

ಯಾಕೆ ಮುಖಕ್ಕೆ ಹೇಳಲಿಲ್ಲ? ಕೂಗಾಡಿದರೆ ಅವನು ಬರುವುದಿಲ್ಲ, ಕಟ್ಟಿದವನು ಬಿಚ್ಚದೆ ಹೋದರೆ ಕಪ್ಪು ಇನ್ನೊಂದು ವರ್ಷ ಎನ್ನುತ್ತಾರೆ ನಮ್ಮ ಓಣಿಯವರು. ಆದರೆ ಅದು ಪೂರ್ತಿ ನಿಜವಲ್ಲ. ಇಬ್ಬರೇ ಇರುವಾಗ ಕೇಳಿದರೆ ಅವನು ಅಳುತ್ತಾನೆ. ಅತ್ತರೆ ನಾನು ನಂಬಿಬಿಡುತ್ತೇನೆ. ಹದಿನೇಳು ವರ್ಷದ ಅಭ್ಯಾಸ.

ಆಗಸ್ಟ್ 13

ಎಲ್ಮೇರ್ ಬಂದ. ರೂಮುಗಳನ್ನು ಒಂದೊಂದಾಗಿ ತೆರೆದು ನೋಡಿದ. ಜೂನ್, ಜುಲೈ ಬಹುಪಾಲು ಖಾಲಿಯಿದ್ದದ್ದು ಅವನಿಗೆ ಗೊತ್ತು, ಸತುರ್ನಿನೊ ಫೋನ್ ಮಾಡಿ ಹೇಳಿದ್ದಾನೆ, ಮರುಕಪಟ್ಟುಕೊಂಡು. ಕಂಪನಿಯ ಕಾಗದ ಬ್ಯಾಗಿನಲ್ಲೇ ಇದೆ. ನಾಳೆ ಕಳೆಯಲಿ ಅಕ್ಕಾ ಅಂದ.

ಗ್ರಸಿಯೆಲಾ ಬಂದರು. ತೊಂಬತ್ತೆರಡೂ ಎಣಿಸಿದೆ, ನಿಮ್ಮ ಲೆಕ್ಕ ಸರಿ ಅಂದರು.

ಆಗಸ್ಟ್ 14, ಸಂಜೆ 6

ಅಂಗಳದಲ್ಲಿ ಇನ್ನೂ ತಟ್ಟೆಗಳು ಹಾಗೇ ಬಿದ್ದಿವೆ. ಮೊದಲು ಬರೆದುಬಿಡುತ್ತೇನೆ.

ಪೂಜೆ ಮುಗಿಸಿ ಎಲ್ಲರೂ ಮನೆಗೆ ಬಂದೆವು. ಓಣಿಯವರು, ಎಲ್ಮೇರ್, ವಿಲ್ಮಾ. ನನ್ನನ್ನು ಅಂಗಳದ ನಡುವೆ ಕುರ್ಚಿಯಲ್ಲಿ ಕೂರಿಸಿದರು. ಅವನು ಹೊಸ ಟೋಪಿ ಹಾಕಿ, ಕೆಂಪು ಶಾಲು ತೋಳಿನ ಮೇಲೆ ಹಾಕಿಕೊಂಡು ಬಂದ. ಕಪ್ಪು ತೆಗೆಯುವ ಮೊದಲು ಪಾದ್ರಿನೊ ಎಲ್ಲರ ಎದುರು ಕೇಳಬೇಕು — ಈ ಮನೆಯಲ್ಲಿ ತೀರಿಕೊಂಡವರು ಇಂಥವರು, ಅವರ ದುಃಖ ಮುಗಿಯಿತು ಎನ್ನಲು ಒಪ್ಪಿಗೆಯೇ? ಒಪ್ಪಿಗೆ ಎಂದು ಎಲ್ಲರೂ ಅನ್ನಬೇಕು. ಅಷ್ಟೇ.

ಅವನು ಬಾಯಿ ತೆರೆಯುವ ಮೊದಲು ಅಡುಗೆಮನೆ ಕಡೆ ನೋಡಿ ಕರೆದೆ. ಗ್ರಸಿಯೆಲಾ ಬಂದು ನನ್ನ ಪಕ್ಕದಲ್ಲಿ ನಿಂತರು. ಅವನ ಮುಖ ಒಂದೇ ಸಲಕ್ಕೆ ಇಳಿಯಿತು.

"ಹೇಳಿ ಕೊಂಪಾದ್ರೆ" ಅಂದೆ. "ಈ ಮನೇಲಿ ತೀರಿಕೊಂಡಿದ್ದು ಯಾರು?"

"ನಿಮ್ಮ ತಾಯಿ. ಎಮೆತೆರಿಯಾ ಅಮ್ಮ."

"ಇನ್ಯಾರು?"

ಶಾಲು ಅವನ ತೋಳಿನಿಂದ ಜಾರಿತು, ಎತ್ತಿಕೊಳ್ಳಲಿಲ್ಲ.

"ಇವರಿಗೆ ಹೇಳಿದ್ರಲ್ಲ, ಮೆಟ್ಟಿಲ ಕೆಳಗೆ, ಟೋಪಿ ತೆಗೆದು. ಹಾಗೇ ಹೇಳಿ. ಎಲ್ಲರೂ ಒಪ್ಪಿಗೆ ಕೊಡ್ಲಿ, ನನ್ನ ದುಃಖಾನೂ ಮುಗೀಲಿ."

ಗ್ರಸಿಯೆಲಾ ಹೇಳಿದರು, ಟೀಚರ್ ಧ್ವನಿಯಲ್ಲಿ, ನಿಧಾನವಾಗಿ, ಎಲ್ಲವನ್ನೂ. ವಿಲ್ಮಾ ಗೋಡೆಗೆ ಒರಗಿದಳು. ಅವನು ಅಳುತ್ತಾನೆಂದುಕೊಂಡಿದ್ದೆ. ಅಳಲಿಲ್ಲ. ಅದಕ್ಕಿಂತ ಕೆಟ್ಟದ್ದು, ನನಗೆ ತಿಳಿ ಹೇಳಿದ.

"ಹೇಗೂ ಮಾರಿಹೋಗೋ ಮನೆ ಕೊಮಾದ್ರೆ. ಎಲ್ಮೇರೇ ಹೇಳಿದ್ದ. ಬರೋರು ಯಾರೋ ಕಂಪನಿ ಪಾಲಾಗೋ ಬದ್ಲು ನಮ್ಮೋರ ಮನೇಲೇ ಇರ್ಲಿ ಅಂದ್ಕೊಂಡೆ. ನಾನೇನು ಹೊರಗಿನವನಾ?"

ನಮ್ಮವನೇ. ಅದೇ ತಾನೇ ನೋವು.

ಕಪ್ಪು ಶಾಲು ನಾನೇ ತೆಗೆದೆ. ಓಣಿಯ ಅಜ್ಜಿಯರು ಗೊಣಗಿದರು, ಯಾರೂ ತಡೆಯಲಿಲ್ಲ. ಬಾಗಿಲಿನದನ್ನು ನೀವೇ ಬಿಚ್ಚಿ ಎಂದು ಅವನಿಗೆ ಹೇಳಿದೆ. ಹೋದ. ವರ್ಷದ ಮಳೆ ಬಿಸಿಲಿಗೆ ಗಂಟು ಬಿಗಿದುಹೋಗಿತ್ತು. ಎಲ್ಲರೂ ನೋಡುತ್ತಿದ್ದರು, ಅವನ ಉಗುರು ಹಾಯುತ್ತಿರಲಿಲ್ಲ. ಬಹಳ ಹೊತ್ತು ಹಿಡಿಯಿತು. ಕತ್ತರಿ ಕೊಡಲಿಲ್ಲ ನಾನು.

ರಿಬ್ಬನ್ ಬಿಚ್ಚಿ ಬಂದ ಮೇಲೆ ನೈದಾ ಅವನೆದುರು ಕೈ ಚಾಚಿದಳು. ಗಾಡಿಯ ಕೀಲಿ ಕೇಳಿದಳು.

"ಯಾಕೆ ಮಗಳೇ?"

"ನನ್ನ ಕೂದಲು ಅದರಲ್ಲಿದೆ ಪಾದ್ರಿನೊ. ಸುಳ್ಳು ಹೇಳೋವಾಗೆಲ್ಲ ಅದನ್ನೂ ಕೂರಿಸ್ಕೊಂಡಿದ್ರಿ."

ಆಗ ಅತ್ತ. ನಾನು ಹೆದರಿದಷ್ಟೂ ಅತ್ತ. ನೈದಾ ಕೈ ಹಿಂದೆ ತೆಗೆಯಲಿಲ್ಲ. ಕೀಲಿ ಕೊಟ್ಟ. ಅವಳು ಮೆಟ್ಟಿಲಿಳಿದು ಹೋಗಿ ಬರುವವರೆಗೆ ಅಂಗಳದಲ್ಲಿ ಯಾರೂ ಕೂರಲಿಲ್ಲ.

ವಿಲ್ಮಾ ಅವನ ಜೊತೆಯಲ್ಲಿ ಹೋಗಲಿಲ್ಲ, ಒಬ್ಬಳೇ ಹೋದಳು. ಕಂಬಳಿ ನಾಳೆ ತರುತ್ತೇನೆ ಎಂದಷ್ಟೇ ಹೇಳಿದಳು.

ಆಗಸ್ಟ್ 15

ಎಲ್ಮೇರ್ ಹೊರಡುವಾಗ ಬ್ಯಾಗಿನ ಕಾಗದ ಹೊರಗೇ ತೆಗೆಯಲಿಲ್ಲ. "ಮುಂದಿನ ಆಗಸ್ಟ್‌ವರೆಗೆ ನೋಡೋಣ ಅಕ್ಕಾ. ನಾನೂ ಅವನ ಮಾತೇ ನಂಬಿದ್ದೆ." ಒಂದು ವರ್ಷ ಸಿಕ್ಕಿತು. ಖುಷಿಯಾಗಬೇಕಿತ್ತು. ಮನೆ ಉಳಿಯಿತು, ಮನೆಯವನೊಬ್ಬ ಹೋದ. ಬೆಳಿಗ್ಗೆ ಸಾರಿಗೆ ಆಲೂಗಡ್ಡೆ ಹೆಚ್ಚುವಾಗ ಅವನ ಪಾಲಿನದನ್ನೂ ಹೆಚ್ಚಿದ್ದೆ.

ಸೀಸೆ ಅಮ್ಮನ ಫೋಟೋದ ಮುಂದಿದೆ. ಎಳೆ ಎಷ್ಟು ತೆಳು.

ಆಗಸ್ಟ್ 16, ಬೆಳಿಗ್ಗೆ 9

ರಿಬ್ಬನ್ ಇದ್ದ ಜಾಗದಲ್ಲಿ ಬಾಗಿಲಿನ ನೀಲಿ ಹೊಸದಾಗಿಯೇ ಉಳಿದಿದೆ. ಸುತ್ತಲಿನದು ಮಾಸಿದೆ. ಬಣ್ಣ ಹೊಡೆಸಬೇಕು, ಆದರೆ ಈಗಲೇ ಬೇಡ.

ಫೋನಿನಲ್ಲಿ ಹೊಸ ಮೆಸೇಜ್. ಉರುಗ್ವೆಯ ಅಕ್ಕತಂಗಿಯರು, ನಾಡಿದ್ದು ಬರುತ್ತಾರೆ. ಎಲ್ಲಿ ಉಳಿದುಕೊಳ್ಳುವುದು ಒಳ್ಳೆಯದು? ಚೌಕದಲ್ಲಿ ಗದ್ದಲ ಎಂದು ಬರೆದೆ. ಕೆಳಗೆ ಬಿಸಿನೀರು ಚೆನ್ನಾಗಿ ಬರುತ್ತದೆ ಎಂದೂ ಬರೆದೆ, ಅದು ಇನ್ನೂ ನಿಜವೇ. ತೊಂಬತ್ತೆರಡು ಮೆಟ್ಟಿಲು. ಮೂರನೇ ದಿನ ಹೆಂಚು ಕಾಣುತ್ತದೆ.

ಏರ್‌ಪೋರ್ಟಿಗೆ ಯಾರನ್ನಾದರೂ ಕಳಿಸುತ್ತೀರಾ ಎಂದು ಕೇಳಿದ್ದಾರೆ.

ಬರೆದೆ: ಯಾರನ್ನೂ ಕಳಿಸುವುದಿಲ್ಲ, ನಾನೇ ಬರುತ್ತೇನೆ. ಬೋರ್ಡ್ ಹಿಡಿದು ಏರ್‌ಪೋರ್ಟಿನ ಬಾಗಿಲ ಎದುರೇ ನಿಂತಿರುತ್ತೇನೆ. ದಾರಿಯಲ್ಲಿ ಯಾರು ಏನೇ ಹೇಳಿದರೂ ನಂಬಬೇಡಿ. ಗುರುತಿಗೆ, ನಾನು ಬಣ್ಣದ ಶಾಲು ಹೊದ್ದಿರುತ್ತೇನೆ.